ಹದಿನೇಳು ಚೌಕ

ನನ್ನ ಎಡಗೈಯ ಒಳಮೈಯಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಬೇರೆಯವರ ಹೆಸರಿನ ಹದಿನೇಳು ಚೌಕಗಳಿವೆ. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ಅಗಲ. ಕೆಲವು ನನ್ನ ಮೈಬಣ್ಣಕ್ಕಿಂತ ಕಪ್ಪು. ಕೆಲವು ಬಿಳಿಚಿಕೊಂಡಿವೆ. ಒಂದೆರಡು ಮಾತ್ರ ಮಾಯುತ್ತ ಬಂದಿವೆ. ಇವು ಹದಿನೇಳು ಹೆಂಗಸರ ಮುಖಗಳು. ಯಾವುದು ಯಾರದು ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲೆ.

ನಾನು ರಜಿನಿ. ಕನ್ನಡ ತೆಲುಗು ಎರಡೂ ನಡೆಯುವ ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ದೊಡ್ಡ ರಸ್ತೆಯಲ್ಲಿ ಮಾಧವಿ ಮೇಡಂ ಅವರ ಪಾರ್ಲರಿನಲ್ಲಿ ಎರಡು ವರ್ಷ ಮುಖ ತಿಕ್ಕಿದವಳು. ಕೆಳಗೆ ಅವರ ಗಂಡನ ಸೀರೆ ಅಂಗಡಿ, ಮೇಲೆ ಪಾರ್ಲರ್. ಮದುವೆ ಹೆಣ್ಣುಗಳು ಕೆಳಗೆ ಸೀರೆ ಆರಿಸುತ್ತಾರೆ, ಆಮೇಲೆ ಮೆಟ್ಟಿಲು ಹತ್ತಿ ಬಂದು ಮುಖ ಆರಿಸುತ್ತಾರೆ. ಅಲ್ಲಿ ದೊಡ್ಡ ಹೆಸರಿದ್ದದ್ದು ಪೀಲಿಂಗ್‌ಗೆ. ಮುಖ ತೊಳೆದು, ಒರೆಸಿ, ಬಾಟಲಿಯ ಔಷಧವನ್ನು ಬ್ರಷ್‌ನಿಂದ ತೆಳ್ಳಗೆ ಹಚ್ಚಬೇಕು. ಔಷಧ ಅಂದರೆ ಆ್ಯಸಿಡ್. ಬೋರ್ಡಿನ ಮೇಲೆ ಹಾಗೆ ಬರೆಯುವುದಿಲ್ಲ, ಗ್ಲೋ ಎಂದು ಬರೆಯುತ್ತಾರೆ. ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಬೇಕು. ನಾಲ್ಕು ದಿನದಲ್ಲಿ ಮೇಲಿನ ಸತ್ತ ಚರ್ಮ ಹೊಟ್ಟಿನಂತೆ ಉದುರುತ್ತದೆ, ಕೆಳಗಿನದು ಹೊಳೆಯುತ್ತದೆ. ನಲವತ್ತರ ಹೆಂಗಸು ಕನ್ನಡಿಯಲ್ಲಿ ಮೂವತ್ತರವಳನ್ನು ಕಂಡು ನಗುತ್ತಾಳೆ. ಸುಳ್ಳು ಯಾಕೆ ಹೇಳಲಿ, ಆ ನಗು ನೋಡಲು ನನಗೂ ಇಷ್ಟವಿತ್ತು. ನನ್ನ ಕೈಗುಣದ ಬಗ್ಗೆ ನನಗೆ ಸ್ವಲ್ಪ ಕೊಬ್ಬೂ ಇತ್ತು.

ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಯಾರ ಮುಖವೋ ಅವರದೇ ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ, ಒಂದು ದಿನ ಕಾದು, ಉರಿ ಕೆಂಪು ಏನೂ ಬಾರದಿದ್ದರೆ ಮಾತ್ರ ಮುಖಕ್ಕೆ. ಬಾಟಲಿಯ ಜೊತೆ ಬರುವ ಚೀಟಿಯಲ್ಲೇ ಹಾಗೆ ಬರೆದಿದೆ. ಆದರೆ ಮಕ್ತಲ್‌ನಿಂದ, ಗದ್ವಾಲ್‌ನಿಂದ ಬಂದವರು ಒಂದು ತೊಟ್ಟಿಗಾಗಿ ಇವತ್ತು ಬಂದು ನಾಳೆ ಮತ್ತೆ ಬರುತ್ತಾರೆಯೇ? ಕಿವಿಯ ಹಿಂದೆ ಕೆಂಪಾದರೆ ಸುಮ್ಮನೆ ಬಿಡುತ್ತಾರೆಯೇ? ಮಾಧವಿ ಮೇಡಂ ಒಂದು ದಾರಿ ಹುಡುಕಿದರು. ಆ ದಾರಿ ನನ್ನ ತೋಳು.

"ನಿನ್ನ ತೋಳು ಕೊಡು ರಜಿನಿ," ಎಂದರು ಮೊದಲ ಸಲ. "ಇದರ ಮ್ಯಾಲ ಸುಡಲಿಲ್ಲಂದ್ರ ಬಾಟ್ಲಿ ಚೊಲೊ ಐತಿ ಅಂತ ತಿಳ್ಕಬೌದು. ಸುಟ್ಟ್ರೂ ನಿನ್ನ ಕಪ್ಪಿನಾಗ ಕಾಣಂಗಿಲ್ಲ."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಕೆಲಸಕ್ಕೆ ಸೇರಿ ಆಗ ಒಂಬತ್ತು ದಿನ ಆಗಿತ್ತು.

ಅಂದಿನಿಂದ ಅದೇ ಪದ್ಧತಿಯಾಯಿತು. ಪೀಲಿಂಗ್‌ಗೆ ಮೊದಲ ಸಲ ಬರುವ ಹೊರಊರಿನ ಗಿರಾಕಿ ಫೋನ್ ಮಾಡಿ ದಿನ ಗೊತ್ತು ಮಾಡಿದ ಕೂಡಲೇ ಮೇಡಂ ಬ್ರಷ್ ತೆಗೆದುಕೊಂಡು ನನ್ನ ತೋಳಿನ ಮೇಲೆ ಒಂದು ಚೌಕ ಬರೆಯುತ್ತಿದ್ದರು. ನಾನು ಹಲ್ಲು ಕಚ್ಚಿ ಗಡಿಯಾರ ನೋಡುತ್ತ ನಿಲ್ಲುತ್ತಿದ್ದೆ. ಕೆಂಡದ ಹತ್ತಿರ ಕೈ ಹಿಡಿದ ಹಾಗೆ ಉರಿ. ಮರುದಿನ ಗಿರಾಕಿ ಬಂದಾಗ ಮೇಡಂ ಹೇಳುತ್ತಿದ್ದರು, "ನಿಮ್ಮ ಟೆಸ್ಟ್ ಆಗ್ಯದ್ರೀ, ಎಲ್ಲಾ ಸರಿ ಐತಿ." ಯಾರ ಮೇಲೆ ಆಗಿದೆ ಎಂದು ಒಬ್ಬರೂ ಕೇಳಲಿಲ್ಲ. ಚೌಕಗಳು ಹೆಚ್ಚಾದ ಮೇಲೆ ಮೇಡಂ ನನಗೆ ತುಂಬುತೋಳಿನ ಅಂಗಿ ಹೊಲಿಸಿಕೊಟ್ಟರು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ತೋಳು ಮಡಚುವಂತಿರಲಿಲ್ಲ. ಬೆವರು ಸೋಕಿ ಚೌಕಗಳು ಚುರುಗುಟ್ಟುತ್ತಿದ್ದವು.

ಈ ಕೆಲಸ ನನಗೆ ಮಾಧವಿ ಮೇಡಂ ಕಲಿಸಿದ್ದಲ್ಲ. ಅವರು ಹೈದರಾಬಾದಿನಲ್ಲಿ ಮೂರು ತಿಂಗಳು ಕಲಿತು ಬಂದದ್ದರ ಕಾಗದವನ್ನು ಗೋಡೆಗೆ ಹಾಕಿದ್ದಾರೆ. ನನ್ನ ಕಾಗದ ನನ್ನ ತಾತ ಸಾಯಣ್ಣ. ಊರ ಹೊರಗೆ, ನಮ್ಮ ಮಾದಿಗರ ಕೇರಿಯ ಪಕ್ಕದ ಗುಂಡಿಯಲ್ಲಿ ಅವನು ತೊಗಲು ಹದ ಮಾಡುತ್ತಿದ್ದ. ಸತ್ತ ಎತ್ತು, ಎಮ್ಮೆಗಳನ್ನು ಹೊತ್ತು ತಂದು, ಸುಲಿದು, ಸುಣ್ಣದ ನೀರಿನಲ್ಲಿ ನೆನೆಹಾಕಿ, ಮೊಂಡು ಕತ್ತಿಯಿಂದ ಕೂದಲು ಹೆರೆದು, ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ಇಡುತ್ತಿದ್ದ. ಸುಣ್ಣಕ್ಕೆ ಅವನ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಆಧಾರ್ ಮಾಡಿಸಲು ಹೋದಾಗ ಮಷಿನ್ ಅವನ ಬೆರಳು ಗುರುತಿಸಲಿಲ್ಲ. ಅವನು ಮಾಡಿದ ಚಪ್ಪಲಿ ಊರೆಲ್ಲ ಮೆಟ್ಟಿತು. ಅವನ ಮೈ ನಾರುತ್ತದೆ ಎಂದು ಊರೆಲ್ಲ ಮೂಗು ಮುಚ್ಚಿಕೊಂಡಿತು.

ಸುಣ್ಣ ಎಷ್ಟು ಹೊತ್ತು ಎಂದು ತಾತನಿಗೆ ಗಡಿಯಾರ ಹೇಳುತ್ತಿರಲಿಲ್ಲ. ಗುಂಡಿಯೊಳಗೆ ಕೈ ಇಳಿಬಿಟ್ಟು, ತೊಗಲನ್ನು ಹೆಬ್ಬೆರಳಿನಿಂದ ಒತ್ತಿ, ಒತ್ತಿದ ಗುಳಿ ಹೇಗೆ ಏಳುತ್ತದೆ ಎಂದು ನೋಡುತ್ತಿದ್ದ. ಬಿಡ್ಡಾ, ಕೂಸೇ, ಎಂದು ಕರೆದು ನನ್ನ ಪುಟ್ಟ ಬೆರಳನ್ನೂ ಹಿಡಿದು ಒತ್ತಿಸುತ್ತಿದ್ದ.

"ಒಂದೊಂದು ತೊಗಲಿಗೆ ಒಂದೊಂದು ಹೊತ್ತು ಬಿಡ್ಡಾ," ಅನ್ನುತ್ತಿದ್ದ. "ಕೋಣದ ಹೊತ್ತು ಕರುವಿಗೆ ಕೊಟ್ರ ಗುಂಡ್ಯಾಗೇ ಕರಗಿ ಹೋಗ್ತದ."

ಪಾರ್ಲರಿನಲ್ಲಿ ನಾನು ಮಾಡಿದ್ದು ಇಷ್ಟೇ. ಮುಖ ತೊಳೆದ ಮೇಲೆ ಕೆನ್ನೆಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದೆ. ಇದಕ್ಕೆ ಎರಡೂವರೆ ನಿಮಿಷ, ಇದಕ್ಕೆ ನಾಲ್ಕು ಎಂದು ಕೈಗೇ ತಿಳಿಯುತ್ತಿತ್ತು. ಗಿರಾಕಿಗಳು ನನ್ನನ್ನೇ ಕೇಳಿಕೊಂಡು ಬರತೊಡಗಿದರು. ಕೇಳುವುದರ ಜೊತೆಗೆ ಇನ್ನೊಂದನ್ನೂ ಕೇಳುತ್ತಿದ್ದರು, "ಹುಡುಗಿ ಯಾರ ಪೈಕಿ?" ಅದನ್ನು ನನ್ನನ್ನಲ್ಲ, ಮೇಡಂ ಅವರನ್ನು ಕೇಳುತ್ತಿದ್ದರು. "ನಮ್ಮ ಮಗ್ಗದೋರ ಹುಡುಗೀನೇ ರೀ," ಎಂದು, ನಾನು ನೇಕಾರರ ಮನೆಯವಳೆಂಬಂತೆ, ಮೇಡಂ ಉತ್ತರ ಕೊಡುತ್ತಿದ್ದರು. ಗಿರಾಕಿಗಳು ಹೋದ ಮೇಲೆ ಬಚ್ಚಲಿನ ಬಾಗಿಲ ಹಿಂದೆ ಇಟ್ಟ ನನ್ನ ಬೇರೆ ಲೋಟದಲ್ಲಿ ನಾನು ನೀರು ಕುಡಿಯುತ್ತಿದ್ದೆ. ಸುಳ್ಳು ಅವರದು, ಲೋಟವೂ ಅವರದು.

ಹದಿನೇಳನೆಯ ಚೌಕ ಉಮಾಶ್ರೀಯದು.

ಉಮಾಶ್ರೀ ಮಕ್ತಲ್‌ನವಳು. ಅಪ್ಪ ಶರಣಯ್ಯ ಹತ್ತಿ ವ್ಯಾಪಾರಿ. ತಾಯಿ ಚನ್ನವೀರಮ್ಮ ನಮ್ಮ ಹಳೆಯ ಗಿರಾಕಿ, ಅವರದೂ ಒಂದು ಚೌಕ ನನ್ನ ತೋಳಿನಲ್ಲಿದೆ. ಗಂಡಿನ ಕಡೆಯವರು ಗದ್ವಾಲ್‌ನವರು. ಮದುವೆಗೆ ಹನ್ನೆರಡು ದಿನ ಇರುವಾಗ ಮಗಳನ್ನು ಕರೆದುಕೊಂಡು ಬಂದರು. ಮುಖ ತೊಳೆದು ಕೆನ್ನೆ ಒತ್ತಿದ ಕೂಡಲೇ ನನ್ನ ಬೆರಳು ಹಿಂದೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ಕೆಂಪು ನರಗಳು ಎಳೆಎಳೆಯಾಗಿ ಕಾಣುತ್ತಿದ್ದವು. ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿತ್ತು.

"ಏನರ ಹಚ್ಚಾಕತ್ತೀರೇನ್ರಿ ಅಕ್ಕಾ?" ಎಂದು ಮೆಲ್ಲಗೆ ಕೇಳಿದೆ.

"ಅವ್ವ ರಾಯಚೂರಿನಿಂದ ಒಂದು ಕ್ರೀಮ್ ತರಿಸ್ಯಾಳ. ಬೆಳ್ಳಗಾಗ್ತದಂತ. ನಾಕು ತಿಂಗಳಾತು."

ಮೇಡಂ ಹತ್ತಿರ ಹೋದೆ. "ಇವತ್ತು ಬ್ಯಾಡ್ರಿ ಮೇಡಂ. ಆ ಕ್ರೀಮಿಗೆ ಚರ್ಮ ಸವೆದು ಹೋಗ್ಯದ. ತಡ್ಕಳಂಗಿಲ್ಲ."

"ನಿನ್ನೆ ನಿನ್ನ ತೋಳಿಗೆ ಹಚ್ಚೀವಲ್ಲ. ಏನರ ಆತೇನು?"

"ನನ್ನ ತೋಳು ನಂದ್ರೀ. ಇದು ಅವರ ಮುಖ. ಬ್ಯಾಡ್ರಿ."

ಹೊರಗಿನ ಕುರ್ಚಿಯಿಂದ ಚನ್ನವೀರಮ್ಮ ಕೂಗಿದರು, "ಏನ್ ತಡ ಮಾಧವಿ? ಬಸ್ಸಿಗೆ ಹೊತ್ತಾಗ್ತದ."

"ಏಂ ಕಾದು ಲೇ," ಎಂದು ಮೇಡಂ ತೆಲುಗಿನಲ್ಲಿ ನನ್ನನ್ನು ಗದರಿದರು. "ಏನೂ ಆಗಂಗಿಲ್ಲ. ಹಚ್ಚು."

"ನಾ ಹಚ್ಚಂಗಿಲ್ರಿ."

ಮೇಡಂ ನನ್ನ ಕೈಯಿಂದ ಬ್ರಷ್ ಕಿತ್ತುಕೊಂಡರು. ಉಮಾಶ್ರೀಯ ಕಣ್ಣಿನ ಮೇಲೆ ಹತ್ತಿ ಇಟ್ಟಿದ್ದೆವು. ಅವಳಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೇಡಂ ತಾವೇ ಹಚ್ಚಿದರು. ಅಷ್ಟರಲ್ಲಿ ಕೆಳಗಿನ ಅಂಗಡಿಯಿಂದ ಗಂಡನ ಫೋನ್ ಬಂತು. ಮಾತಾಡುತ್ತ ಮೆಟ್ಟಿಲ ಕಡೆ ಹೋದರು. ಎರಡು ನಿಮಿಷ ಆಗಿರಲಿಲ್ಲ, ಎಡಗೆನ್ನೆ ಬೆಳ್ಳಗೆ ತಿರುಗಿತು. ಹುಡುಗಿ ಚೀರಿದಳು. ನಾನು ಸೋಡಾ ನೀರು ಸುರಿದು ಒರೆಸಿದೆ. ಮತ್ತೆ ಮತ್ತೆ ಒರೆಸಿದೆ. ಚನ್ನವೀರಮ್ಮ ಪರದೆ ಸರಿಸಿ ಒಳಗೆ ನುಗ್ಗಿದಾಗ ಮಗಳ ಸುಟ್ಟ ಮುಖದ ಮೇಲೆ ಇದ್ದದ್ದು ನನ್ನ ಕೈ. ಅಷ್ಟೇ ಸಾಕಾಯಿತು.

ಮಾಧವಿ ಮೇಡಂ ಮೆಟ್ಟಿಲ ಮೇಲೇ ನಿಂತು ಕತೆ ಕಟ್ಟಿದರು. ತಾವಿಲ್ಲದಾಗ ನಾನು ಕೇಳದೆ ಹಚ್ಚಿದೆ ಎಂದರು. ಚನ್ನವೀರಮ್ಮ ನಂಬಲು ಸ್ವಲ್ಪ ತಡ ಮಾಡಿದಾಗ ಇನ್ನೊಂದು ಮಾತು ಸೇರಿಸಿದರು. "ಕುಲ ಮುಚ್ಚಿಟ್ಟು ಸೇರ್ಯಾಳ್ರೀ ಇಕಿ. ಮಾದಿಗರಾಕಿ ಅಂತ ನನಗೂ ಗೊತ್ತಿದ್ದಿಲ್ಲ." ಆಮೇಲೆ ನಂಬುವುದು ಸುಲಭವಾಯಿತು. ನನ್ನನ್ನು ಆ ಕ್ಷಣವೇ ಹೊರಗೆ ಹಾಕಿದರು. "ಆ ಬಾಟ್ಲಿ ಒಯ್ದು ಕಸಕ್ಕ ಒಗಿ," ಎಂದರು. ಬಾಟಲಿಯನ್ನೂ ಬ್ರಷ್ಷನ್ನೂ ಚೀಲದಲ್ಲಿ ಹಾಕಿಕೊಂಡೆ. ಕಸಕ್ಕೆ ಒಗೆಯಲಿಲ್ಲ.

ಗದ್ವಾಲ್‌ನವರು ಬಂದು ಕೆನ್ನೆ ನೋಡಿ, ಮದುವೆ ಮುಂದೆ ಹಾಕಿ ಹೋದರಂತೆ. ನಾಲ್ಕನೆಯ ದಿನ ಉಮಾಶ್ರೀಯ ಅಣ್ಣ ಕಾಂತೇಶ ಫೋನ್ ಮಾಡಿದ. ಮಕ್ತಲ್‌ಗೆ ಬಂದು, ಅವರ ಮನೆಯ ಮುಂದೆ ನಿಂತು, ಮಾಫಿ ಕೇಳಬೇಕು. ಅದನ್ನು ಅವನು ವಿಡಿಯೋ ಮಾಡಿ ಗದ್ವಾಲ್‌ನವರಿಗೆ ಕಳಿಸುತ್ತಾನೆ. ಮಾಧವಿ ಮೇಡಂ ತಮ್ಮ ಗಿರಾಕಿಗಳಿಗೆಲ್ಲ ಕಳಿಸುತ್ತಾರೆ. ಬರದಿದ್ದರೆ ಪೊಲೀಸ್ ಕೇಸು.

ನನ್ನ ಅವ್ವ ಬುಗ್ಗಮ್ಮ ಮುನ್ಸಿಪಾಲ್ಟಿಯಲ್ಲಿ ಕಸ ಗುಡಿಸುತ್ತಾಳೆ. ಪೊರಕೆ ಹಿಡಿದೂ ಹಿಡಿದೂ ಅವಳ ಬಲಗೈ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ. ಅವಳು ಹೆದರಿದ್ದಳು.

"ಹೇಳಿ ಬಾ ಬಿಡ್ಡಾ. ಎಲ್ಡು ಮಾತು. ನಾಲಿಗಿ ಸವೀತದೇನು?"

"ನಾಲಿಗಿ ಸವೆಯಂಗಿಲ್ಲವ್ವಾ. ಆದ್ರ ಆ ಮಾತು ಫೋನಿನಾಗ ಉಳೀತದ."

"ಅವರು ದೊಡ್ಡೋರು."

"ದೊಡ್ಡೋರಾದ್ರ ನಾ ಮಾಡಲಾರದ್ದು ನಂದು ಆಗ್ತದೇನು?"

ಅವ್ವನಿಗೂ ಗೊತ್ತು. ಆ ವಿಡಿಯೋ ಒಮ್ಮೆ ಹೋದರೆ ರಾಯಚೂರಿನಿಂದ ಮಹಬೂಬ್‌ನಗರದವರೆಗೆ ಯಾವ ಪಾರ್ಲರ್ ಬಾಗಿಲೂ ನನಗೆ ತೆರೆಯುವುದಿಲ್ಲ. ನನಗೆ ಬರುವುದು ಇದೊಂದೇ ಕೆಲಸ. ಇದು ಹೋದರೆ ಉಳಿಯುವುದು ಅವ್ವನ ಪೊರಕೆ. ನಾನು ತುಂಬುತೋಳಿನ ಅಂಗಿ ಹಾಕಿಕೊಂಡು, ಚೀಲ ಹಿಡಿದು, ಮಕ್ತಲ್ ಬಸ್ಸು ಹತ್ತಿದೆ.

ಶರಣಯ್ಯನವರ ಮನೆಗೆ ಎತ್ತರದ ಕಟ್ಟೆ. ಕಟ್ಟೆಯ ಮೇಲೆ ಕುರ್ಚಿಗಳು. ಶರಣಯ್ಯ, ಚನ್ನವೀರಮ್ಮ, ಮಾಧವಿ ಮೇಡಂ ಕೂತಿದ್ದರು. ಅಕ್ಕಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದರು. "ಚಪ್ಪಲಿ ಅಲ್ಲೇ ಬಿಡು, ಕೆಳಗ ನಿಂದರು," ಎಂದ ಕಾಂತೇಶ. ಬಿಸಿಲಿಗೆ ಅಂಗಳದ ಕಲ್ಲು ಕಾದಿತ್ತು. ಬರಿಗಾಲಲ್ಲಿ ನಿಂತೆ. ಎರಡು ಕಾಗದ ಕೊಟ್ಟ. ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು. ನನ್ನ ತಪ್ಪಿಗೆ ಎರಡು ಭಾಷೆ.

"ನೋಡಿ ಓದು. ಕಡೀಗೆ ಕೈ ಮುಗಿ," ಎಂದು ಫೋನ್ ಎತ್ತಿ ಹಿಡಿದ.

ಓದಿದೆ. "ನಾನು ರಜಿನಿ. ತಾಯಿ ಬುಗ್ಗಮ್ಮ. ಮಾದಿಗ ಜಾತಿಗೆ ಸೇರಿದ ನಾನು ನನ್ನ ಜಾತಿಯನ್ನು ಮುಚ್ಚಿಟ್ಟು..."

ಅಲ್ಲಿಗೆ ನಿಲ್ಲಿಸಿದೆ. ಸಿಟ್ಟು ಬಂದದ್ದಕ್ಕೆ. ಕಾಗದ ಮಡಚಿ ಕಲ್ಲಿನ ಮೇಲೆ ಇಟ್ಟು, ಹಾರದಂತೆ ನನ್ನ ಚಪ್ಪಲಿ ಹೇರಿದೆ.

"ಇಷ್ಟು ಖರೇ ಐತಿ," ಎಂದೆ. "ನಾ ರಜಿನಿ. ಬುಗ್ಗಮ್ಮನ ಮಗಳು, ಸಾಯಣ್ಣನ ಮೊಮ್ಮಗಳು. ಮಾದಿಗರಾಕಿ. ಮುಂದಿಂದು ಸುಳ್ಳೈತಿ. ಮುಚ್ಚಿಟ್ಟಾಕಿ ನಾನಲ್ಲ. ನನ್ನ ಯಾರೂ ಕೇಳೇ ಇಲ್ಲ. ನೀವು ಕೇಳಿದ್ದು ಮೇಡಂನ. ಹೇಳಿದ್ದೂ ಮೇಡಂ."

"ಏ, ಬರದಷ್ಟು ಓದು," ಎಂದ ಕಾಂತೇಶ. ಆದರೆ ಫೋನ್ ಇಳಿಸಲಿಲ್ಲ. ನಾನು ಇನ್ನೂ ಏನಾದರೂ ಬಾಯಿಬಿಟ್ಟು ಸಿಕ್ಕಿಬೀಳಲಿ ಎಂದಿರಬೇಕು.

ಎಡತೋಳಿನ ಗುಂಡಿ ಬಿಚ್ಚಿದೆ. ಮೊಣಕೈ ದಾಟುವವರೆಗೆ ಮಡಚಿದೆ. ತೋಳನ್ನು ಫೋನಿಗೆ ತೋರಿಸಿದೆ.

"ಟೆಸ್ಟ್ ಆಗ್ಯದ, ಟೆಸ್ಟ್ ಆಗ್ಯದ ಅಂತ ನಿಮಗೆಲ್ಲಾ ಹೇಳ್ತಿದ್ರಲ್ಲ, ಇಲ್ಲಿ ಆಗ್ಯದ ನೋಡ್ರಿ. ನಿಮ್ಮ ಮುಖಕ್ಕ ಹಚ್ಚೋದಕ್ಕ ಮೊದಲ ನನ್ನ ತೋಳು ಸುಟ್ಟಾರ. ಚನ್ನವೀರಮ್ಮಾರೆ, ಇದು ನಿಮ್ಮದ್ರಿ. ಹೋದ ಶ್ರಾವಣದ್ದು. ಮಾದಿಗರಾಕಿ ಮುಖ ಮುಟ್ಯಾಳ ಅಂತ ಈಗ ಹೇಸಿಗಿ ಪಡಬ್ಯಾಡ್ರಿ. ನನ್ನ ತೋಳಿಗೆ ಹಚ್ಚಿದ ಬ್ರಷ್ಷೇ ನಿಮ್ಮ ಗದ್ದಕ್ಕ ಬಂದದ್ದು. ಎಲ್ಡು ವರ್ಷ ಹಿಂಗೇ ನಡೆದದ. ಯಾರ ಮುಖಾನೂ ಉದುರಿ ಬಿದ್ದಿಲ್ಲ."

ಚನ್ನವೀರಮ್ಮನ ಕೈ ಗದ್ದಕ್ಕೆ ಹೋಯಿತು. ಬಾಗಿಲಲ್ಲಿ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

"ಸುಳ್ಳು!" ಎಂದು ಮಾಧವಿ ಮೇಡಂ ಎದ್ದು ನಿಂತರು. "ಕಲೀಲಿ ಅಂತ ಹಚ್ಚಿದ್ದು. ತೋಳಿಗೆ ಏನೂ ಆಗಿದ್ದಿಲ್ಲ ಅಂದ ಮ್ಯಾಲ ಮುಖಕ್ಕ ಹೆಂಗ ಆತು? ಇಕೀನೇ ಜಾಸ್ತಿ ಹೊತ್ತು ಬಿಟ್ಟಾಳ."

ಅದೇ ಮಾತಿಗೆ ನಾನು ಕಾದಿದ್ದೆ. ಚೀಲದಿಂದ ಬಾಟಲಿ ತೆಗೆದೆ. ಬ್ರಷ್ ತೆಗೆದೆ.

"ಏ! ಆ್ಯಸಿಡ್ ತಂದಾಳ!" ಎಂದು ಕಾಂತೇಶ ಕೂಗಿ ಎರಡು ಹೆಜ್ಜೆ ಹಿಂದೆ ಸರಿದ. ಕುರ್ಚಿಗಳು ಕಿರುಗುಟ್ಟಿದವು.

"ನಾಕು ದಿನದ ಹಿಂದ ಇದು ಗ್ಲೋ ಆಗಿತ್ರಿ," ಎಂದೆ. "ಇವತ್ತು ಆ್ಯಸಿಡ್ ಆತೇನು?"

ಬಾಟಲಿಯನ್ನು ಕಟ್ಟೆಯ ತುದಿಯಲ್ಲಿ ಇಟ್ಟು, ಬ್ರಷ್ ಅದ್ದಿ, ಎಲ್ಲರೂ ನೋಡುತ್ತಿರುವಂತೆ ಮೊದಲು ನನ್ನ ತೋಳಿನ ಮೇಲೆ ಒಂದು ಚೌಕ ಬರೆದೆ. ಹದಿನೆಂಟನೆಯದು. ಅದು ನನ್ನದೇ. ಉರಿಯಿತು. ಆ ಉರಿಗೆ ನಾನು ಹಲ್ಲು ಕಚ್ಚಲಿಲ್ಲ.

"ಒಬ್ಬಾಕಿ ತೋಳು ತಡಕೊಂಡ್ರ ಎಲ್ಲಾರ ಮುಖಾ ತಡಕೊಂತದ ಅಂತಾರ ಮೇಡಂ. ಹಂಗಾದ್ರ ನೀವೂ ತೋಳು ಕೊಡ್ರಿ. ಹೆಬ್ಬೆರಳಷ್ಟು ಜಾಗ. ಮೂರು ನಿಮಿಷ. ಮೇಡಂ ಕೊಡ್ರಿ. ಸಾವ್ಕಾರ್ರೆ, ನೀವು ಕೊಡ್ರಿ. ಯಾರರ ಒಬ್ಬರು ಕೊಟ್ರ ಸಾಕು, ಆ ಕಾಗದ ಎಲ್ಡೂ ಭಾಷ್ಯಾಗ ಓದಿ, ಕೈ ಮುಗಿದು ಹೋಗ್ತೀನಿ."

ಬ್ರಷ್ ಹಿಡಿದು ನಿಂತೆ. ಮಾಧವಿ ಮೇಡಂ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದರು. ಚನ್ನವೀರಮ್ಮ ಸೆರಗು ಎಳೆದು ತೋಳು ಮುಚ್ಚಿಕೊಂಡರು. ಶರಣಯ್ಯ ನೆಲ ನೋಡುತ್ತಿದ್ದರು. ಕಾಂತೇಶನ ಕೈ ಇಳಿದು, ಫೋನ್ ಅವನ ಪಾದಗಳನ್ನೇ ಚಿತ್ರ ತೆಗೆಯುತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಹೆಬ್ಬೆರಳಷ್ಟು ಜಾಗ ನನಗೆ ಯಾರೂ ಕೊಡಲಿಲ್ಲ.

ಆಗ ಉಮಾಶ್ರೀ ಹೊರಗೆ ಬಂದಳು. ಎಡಗೆನ್ನೆಯ ಮೇಲೆ ಕಂದು ಹೊಪ್ಪಳೆ, ಸುತ್ತ ಕೆಂಪು. "ಒಳಗ ಹೋಗು," ಎಂದರು ತಾಯಿ. ಅವಳು ಕಟ್ಟೆ ಇಳಿದು ಬಂದು ನನ್ನ ಮಣಿಕಟ್ಟು ಹಿಡಿದಳು.

"ನಂದು ಯಾವುದು?"

ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಸವರಿದಳು. ಅಲ್ಲಿ ಗುಳ್ಳೆ ಇರಲಿಲ್ಲ, ಗಾಯ ಇರಲಿಲ್ಲ. ಸ್ವಲ್ಪ ಕಪ್ಪಾಗಿತ್ತು, ಅಷ್ಟೇ.

"ನಿನಗೇನೂ ಆಗಿಲ್ಲ," ಎಂದಳು.

"ಇಲ್ರಿ. ಅದು ನನ್ನ ತೊಗಲು. ನಿಮ್ಮದನ್ನ ನಿಮ್ಮ ಮ್ಯಾಲೇ ನೋಡ್ಬೇಕಿತ್ತು."

ಅವಳು ತಾಯಿಯ ಕಡೆ ತಿರುಗಿದಳು. "ಮೂರು ಸಲ ಬ್ಯಾಡ ಅಂದಾಳವ್ವಾ ಇಕಿ. ಕಣ್ಣು ಮುಚ್ಚಿತ್ತು, ಕಿವಿ ಮುಚ್ಚಿದ್ದಿಲ್ಲ. ಹಚ್ಚಿದ್ದು ಮಾಧವಿ ಅಕ್ಕ. ಇಕಿ ಒರೆಸ್ಯಾಳ."

"ನಾಕು ದಿನ ಯಾಕ ಹೇಳ್ಲಿಲ್ಲ?" ಎಂದು ಶರಣಯ್ಯ ಮೊದಲ ಬಾರಿಗೆ ಬಾಯಿಬಿಟ್ಟರು.

"ಯಾರು ಕೇಳಿದ್ರಪ್ಪಾ?"

ನನಗೆ ಅವಳ ಮೇಲೆ ಪ್ರೀತಿ ಉಕ್ಕಲಿಲ್ಲ. ನಾಲ್ಕು ದಿನ ಅವಳೂ ಸುಮ್ಮನಿದ್ದಳು, ನಾನು ಕಾದ ಕಲ್ಲಿನ ಮೇಲೆ ನಿಂತಾಗಲೂ ಪರದೆಯ ಹಿಂದೆ ಇದ್ದಳು. ಆದರೂ ಕೈ ಕೇಳಲಿಲ್ಲ. ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. "ಹೊಪ್ಪಳಿ ಕೀಳಬ್ಯಾಡ್ರಿ, ತಾನೇ ಬೀಳ್ತದ. ಆ ಕ್ರೀಮ್ ತೊಗೊಂಡು ರಾಯಚೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಸ್ರಿ. ಅವರು ಹೇಳೋ ತನಕ ಮುಖಕ್ಕ ಏನೂ ಹಚ್ಚಬ್ಯಾಡ್ರಿ," ಎಂದೆ. ಅವಳು ತಲೆಯಾಡಿಸಿದಳು. ನನ್ನ ಚೌಕವನ್ನು ಅಂಗಳದ ನಲ್ಲಿಯಲ್ಲಿ ತೊಳೆದುಕೊಂಡೆ. ಅದು ಅವರ ಮನೆಯ ನಲ್ಲಿ. ಯಾರನ್ನೂ ಕೇಳಲಿಲ್ಲ, ಯಾರೂ ಬೇಡ ಎನ್ನಲಿಲ್ಲ.

ಚಪ್ಪಲಿ ಮೆಟ್ಟಿದೆ. ಅದರ ಕೆಳಗಿದ್ದ ಕಾಗದ ಗಾಳಿಗೆ ಹೊರಳಿ ಕಟ್ಟೆಗೆ ತಗುಲಿ ನಿಂತಿತು. ಬಾಟಲಿಯನ್ನು ಅಲ್ಲೇ ಬಿಟ್ಟೆ.

"ರಜಿನಿ," ಎಂದು ಮಾಧವಿ ಮೇಡಂ ಗೇಟಿನವರೆಗೆ ಬಂದರು. ದನಿ ಸಣ್ಣಗಾಗಿತ್ತು. "ಆಗಿದ್ದು ಆತು. ನಾಳಿಂದ ಬಾ. ಸೀಜನ್ ಐತಿ."

"ತೋಳು ಯಾರದು ಮೇಡಂ?"

ಅವರು ಕಟ್ಟೆಯ ಕಡೆ ತಿರುಗಿದರು. ನಾನು ಮತ್ತೆ ಆ ಪಾರ್ಲರಿಗೆ ಹೋಗಲಿಲ್ಲ.

ಕಾಂತೇಶ ಆ ವಿಡಿಯೋವನ್ನು ಗದ್ವಾಲ್‌ಗೆ ಕಳಿಸಲಿಲ್ಲ. ಎಲ್ಲಿಗೂ ಕಳಿಸಲಿಲ್ಲ. ಪೊಲೀಸರ ಮಾತೂ ಮತ್ತೆ ಬರಲಿಲ್ಲ. ನನ್ನ ಬಾಯಿಂದ ತಪ್ಪು ಹೊರಟಿದ್ದರೆ ಊರೂರು ತಿರುಗುತ್ತಿದ್ದ ವಿಡಿಯೋ, ಸತ್ಯ ಹೊರಟಿತೆಂದು ಫೋನಿನಲ್ಲೇ ಕೂತಿತು. ಅದಕ್ಕೇ ನಾನು ಹೇಳಿಕೊಂಡು ತಿರುಗುವುದು. ಶುರುವಾದದ್ದು ಅವತ್ತೇ, ಮಕ್ತಲ್‌ನಿಂದ ವಾಪಸ್ ಬರುವ ಬಸ್ಸಿನಲ್ಲಿ.

ಕಿಟಕಿಯ ಪಕ್ಕ ಕೂತಿದ್ದೆ. ಅಂಗಿಯ ತೋಳು ಮಡಚಿದ್ದು ಹಾಗೇ ಇತ್ತು. ಎಷ್ಟೋ ತಿಂಗಳ ನಂತರ ಮನೆಯ ಹೊರಗೆ ಆ ಚರ್ಮಕ್ಕೆ ಗಾಳಿ ತಗುಲಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಗಂಟು ಇಟ್ಟುಕೊಂಡು ಕೂತಿದ್ದಳು. ಬಹಳ ಹೊತ್ತು ನನ್ನ ತೋಳನ್ನೇ ನೋಡಿದಳು.

"ಇದೇನ್ ತಂಗಿ, ಎಣ್ಣಿ ಸಿಡಿದದೇನು?"

"ಅಲ್ಲಕ್ಕಾ. ಇವು ಮುಖಗಳು."

"ಯಾರವು?"

ಮುಂದಿನ ಸೀಟಿನವರೂ ತಿರುಗಿದರು. ಕಂಡಕ್ಟರ್ ಟಿಕೇಟು ಹರಿಯುವುದನ್ನು ನಿಲ್ಲಿಸಿದ. ನಾನು ತೋಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಮಣಿಕಟ್ಟಿನ ಚೌಕದ ಮೇಲೆ ಬೆರಳಿಟ್ಟು, ಹೆಸರು ಹಿಡಿದು ಹೇಳತೊಡಗಿದೆ.